ನಮ್ಮ ಕರಾವಳಿಯ ಚಳಿ



ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಪುಣೆಯಲ್ಲಿ ಸಂಸಾರ ಹೂಡಿರುವವಳು, ತನ್ನ ಅತ್ತೆ-ಮಾವಂದಿರನ್ನು ಜನವರಿಯಲ್ಲಿ ಹದಿನೈದು ದಿನ ಅಂಕೋಲೆಯಲ್ಲಿ ಇರಿಸಬೇಕೆಂದಿದ್ದಾಳೆ. "ಅಕ್ಕೋರೇ, ನಮ್ಮೂರಿನ ಚಳಿಗಾಲದ ಸರಾಸರಿ ಉಷ್ಣತೆ ಎಷ್ಟು? ಅತಿ ಹೆಚ್ಚು ಚಳಿ ಯಾವಾಗ? ಸ್ವೆಟರು ತರಬೇಕೇ?" ಎಂದು ಕೇಳಿ ಬರೆದಿದ್ದಳು. ನಾಲ್ಕು ಸಾಲಿನ ಉತ್ತರವನ್ನು ಅಂದೇ ಕಳುಹಿಸಿದೆ. ಆದರೆ ಪ್ರಶ್ನೆ ಮಾತ್ರ ನನ್ನಲ್ಲಿಯೇ ಉಳಿದುಕೊಂಡಿತು. ಇದೇ ಪ್ರಶ್ನೆಯ ಸುತ್ತ ನಮ್ಮ ಶಾಲೆಯಲ್ಲಿ ಒಮ್ಮೆ ದೊಡ್ಡ ಚರ್ಚೆಯೇ ನಡೆದಿತ್ತು. 1980ರ ದಶಕದ ಕೊನೆಯಲ್ಲಿ ಎಂಟು, ಒಂಬತ್ತನೆಯ ಇಯತ್ತೆಯಲ್ಲಿದ್ದವರಿಗೆ ಅದು ನೆನಪಿರಬಹುದು. ಆ ಕಥೆಗೆ ಬರುವ ಮೊದಲು ಸ್ವಲ್ಪ ಪಾಠವನ್ನೂ ಸಹಿಸಿಕೊಳ್ಳಬೇಕು. ನಿವೃತ್ತಳಾದರೂ ಅಭ್ಯಾಸ ಬಿಟ್ಟುಹೋಗಿಲ್ಲ.

ಸರಾಸರಿಯಿಂದಲೇ ಆರಂಭಿಸೋಣ. ಕಾರವಾರದಲ್ಲಿ ಜನವರಿ ತಿಂಗಳ ಗರಿಷ್ಠ ಉಷ್ಣತೆ ಸರಾಸರಿಯಲ್ಲಿ 32 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ಕನಿಷ್ಠ ಉಷ್ಣತೆ 20ರ ಆಸುಪಾಸು ಇರುತ್ತದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 26 ಆಯಿತು. ಇನ್ನು ಜುಲೈ ತಿಂಗಳನ್ನು ತೆಗೆದುಕೊಳ್ಳಿ. ಆ ಒಂದೇ ತಿಂಗಳಲ್ಲಿ ಸಾವಿರ ಮಿಲಿಮೀಟರಿನ ಸಮೀಪ ಮಳೆ ಸುರಿಯುತ್ತದೆ, ಸೂರ್ಯನ ಮುಖ ಕಾಣುವುದೇ ಅಪರೂಪ. ಆಗ ಗರಿಷ್ಠ 28 ಅಥವಾ 29, ಕನಿಷ್ಠ 24. ಇದನ್ನು ಅರ್ಧ ಮಾಡಿದರೂ ದೊರೆಯುವುದು ಹೆಚ್ಚುಕಡಿಮೆ ಅದೇ 26! ಅಂದರೆ ಸರಾಸರಿಯ ಲೆಕ್ಕದಲ್ಲಿ ನಮ್ಮ ಕರಾವಳಿಯ ಮಕರ ಸಂಕ್ರಾಂತಿಗೂ ಆಷಾಢದ ಮಳೆಗೂ ಏನೂ ಭೇದವಿಲ್ಲ. ಒಂದರಲ್ಲಿ ನೆಲ ಬಿರಿಯುವಷ್ಟು ಒಣಹವೆ, ಇನ್ನೊಂದರಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಆರುವುದಿಲ್ಲ. ಹೀಗಿದ್ದೂ ಅಂಕಿ ಒಂದೇ. ಇಂತಹ ಅಂಕಿಯನ್ನು ನಂಬಿ ಪೆಟ್ಟಿಗೆ ಕಟ್ಟಿದರೆ ಪುಣೆಯ ಆ ಹಿರಿಯರ ಗತಿ ಏನಾದೀತು?

ವಿಶೇಷವೆಂದರೆ, ಚಳಿಗಾಲದ ನಮ್ಮ ಮಧ್ಯಾಹ್ನ ಮಳೆಗಾಲದ ಮಧ್ಯಾಹ್ನಕ್ಕಿಂತ ಬಿಸಿ. ಆಕಾಶವಾಣಿಯ ಪ್ರದೇಶ ಸಮಾಚಾರವನ್ನು ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಡಿಸೆಂಬರ್, ಜನವರಿಗಳಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣತೆ ಬೀದರದಲ್ಲಿಯೋ ಮತ್ತಾವುದೋ ಒಳನಾಡಿನ ಊರಿನಲ್ಲಿಯೋ ದಾಖಲಾಯಿತೆಂದು ಹೇಳಿ, ಅದೇ ಉಸಿರಿನಲ್ಲಿ ಅತಿ ಹೆಚ್ಚು ಉಷ್ಣತೆ ಕಾರವಾರದಲ್ಲಿ ಅಥವಾ ಹೊನ್ನಾವರದಲ್ಲಿ ಎಂದು ಓದುವುದು ಎಷ್ಟೋ ದಿನ ಇರುತ್ತದೆ. ರಾಯಚೂರು, ಕಲಬುರ್ಗಿಗಳನ್ನು ಹಿಂದೆ ಹಾಕಿ ನಾವು ಮುಂದೆ ನಿಲ್ಲುವುದು ಬೇಸಿಗೆಯಲ್ಲಲ್ಲ, ಚಳಿಗಾಲದಲ್ಲಿ. 35, 36 ಡಿಗ್ರಿ ಆಗುವ ದಿನಗಳೂ ಉಂಟು. ಬೆಂಗಳೂರಿನ ನೆಂಟರು ಇದನ್ನು ಕೇಳಿ ನಕ್ಕುಬಿಡುತ್ತಾರೆ. ಅವರ ಊರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದ ದಾಖಲೆಯಿದೆ. ನಮ್ಮಲ್ಲಿ ಅಷ್ಟು ಚಳಿಯ ಕಲ್ಪನೆಯೂ ಸಾಧ್ಯವಿಲ್ಲ. ಆದ್ದರಿಂದ "ನಿಮ್ಮಲ್ಲಿ ಚಳಿ ಎಲ್ಲಿದೆ?" ಎಂಬುದು ಅವರ ವಾಡಿಕೆಯ ಮಾತು.

ಚಳಿ ಇದೆ. ಅದು ಇರುವುದು ನಸುಕಿನಲ್ಲಿ.

ನನ್ನ ಬಾಲ್ಯ ಕಾರವಾರದ ಕೋಡಿಬಾಗದಲ್ಲಿ ಕಳೆಯಿತು. ಕಾಳಿ ನದಿ ಕಡಲನ್ನು ಸೇರುವ ಸ್ಥಳ ಮನೆಯಿಂದ ದೂರವಿರಲಿಲ್ಲ. ನಮ್ಮ ಮನೆಯಲ್ಲಿ ಉಷ್ಣಮಾಪಕವಿರಲಿಲ್ಲ. ಇದ್ದುದು ತೆಂಗಿನೆಣ್ಣೆಯ ಬಾಟಲಿ. ದೀಪಾವಳಿ ಕಳೆದು ಕೆಲವು ವಾರಗಳಾದ ಮೇಲೆ ಒಂದು ದಿನ ಬೆಳಿಗ್ಗೆ ಬಾಟಲಿಯ ತಳದಲ್ಲಿ ಬಿಳಿಯ ಮಂಜಿನಂತಹುದು ಕಾಣುತ್ತಿತ್ತು. ಇನ್ನು ಕೆಲವು ದಿನಗಳಲ್ಲಿ ಇಡೀ ಎಣ್ಣೆ ಹೆಪ್ಪುಗಟ್ಟಿ, ಬಾಟಲಿಯನ್ನು ತಲೆಕೆಳಗು ಮಾಡಿದರೂ ಹನಿ ಬೀಳುತ್ತಿರಲಿಲ್ಲ. ಆಯಿ ಅದನ್ನು ಬಚ್ಚಲ ಒಲೆಯ ಕಟ್ಟೆಯ ಮೇಲೆ ಇಟ್ಟು ಕರಗಿಸಿ, ನಮ್ಮ ಜಡೆ ಹೆಣೆಯುತ್ತಿದ್ದಳು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲಿ ಗಟ್ಟಿಯಾಗತೊಡಗುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಅನಂತರ. ಜುಲೈಯ ಕನಿಷ್ಠ ಉಷ್ಣತೆ 24ರ ಹತ್ತಿರವೇ ನಿಲ್ಲುವುದರಿಂದ ಆ ತಿಂಗಳಲ್ಲಿ ಎಣ್ಣೆ ಬಾಟಲಿಯಲ್ಲಿ ತಿಳಿಯಾಗಿಯೇ ಇರುತ್ತದೆ. ಸರಾಸರಿ ಗುರುತಿಸಲಾಗದ ವ್ಯತ್ಯಾಸವನ್ನು ನಮ್ಮ ಮನೆಯ ಎಣ್ಣೆಯ ಬಾಟಲಿ ಗುರುತಿಸುತ್ತಿತ್ತು. ಶಾಲೆಯಲ್ಲಿ ಘನ, ದ್ರವಗಳ ಪಾಠ ಬಂದಾಗಲೆಲ್ಲ ನಾನು ಡಿಸೆಂಬರಿನವರೆಗೆ ಕಾದು, ಇದೇ ಬಾಟಲಿಯನ್ನು ತರಗತಿಗೆ ಒಯ್ದದ್ದು ನಿಮಗೆ ನೆನಪಿದ್ದೀತು.

ಕಾರವಾರದಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯವಿದೆ. ಅಲ್ಲಿಯ ಬಿಳಿ ಬಣ್ಣದ, ಜಾಲರಿ ಪಟ್ಟಿಗಳ ಪೆಟ್ಟಿಗೆಯನ್ನು ಮೊದಲು ಕಂಡಾಗ ಅದು ಜೇನು ಸಾಕುವ ಪೆಟ್ಟಿಗೆಯೆಂದೇ ನಾನು ತಿಳಿದಿದ್ದೆ. ಸ್ಟೀವನ್‌ಸನ್ ಪೆಟ್ಟಿಗೆ ಎಂಬುದು ಅದರ ಹೆಸರು. ನೆಲದಿಂದ ನಾಲ್ಕು ಅಡಿಯಷ್ಟು ಎತ್ತರದಲ್ಲಿ, ನೇರ ಬಿಸಿಲು ತಾಗದಂತೆ, ಆದರೆ ಗಾಳಿ ಆಡುವಂತೆ ಉಷ್ಣಮಾಪಕಗಳನ್ನು ಅದರೊಳಗೆ ಇಟ್ಟಿರುತ್ತಾರೆ. ದಿನದ ಗರಿಷ್ಠಕ್ಕೆ ಪಾದರಸದ್ದು, ಕನಿಷ್ಠಕ್ಕೆ ಮದ್ಯಸಾರದ್ದು. ಬೆಳಿಗ್ಗೆ ಎಂಟೂವರೆಗೆ ಕನಿಷ್ಠವನ್ನು ಓದಿ ಬರೆದುಕೊಳ್ಳುತ್ತಾರೆ. ನಾವು ಪತ್ರಿಕೆಯಲ್ಲಿ ಓದುವ ಅಂಕಿ ನಾಲ್ಕು ಅಡಿ ಎತ್ತರದ ನೆರಳಿನ ಗಾಳಿಯದು. ಸೆಗಣಿ ಸಾರಿಸಿದ ನೆಲದ ಮೇಲೆ ಚಾಪೆ ಹಾಸಿ ಮಲಗಿದವನ ಬೆನ್ನಿಗೆ ತಾಗುವ ಚಳಿ ಆ ಪೆಟ್ಟಿಗೆಯೊಳಗೆ ಬರುವುದಿಲ್ಲ. ಇದು ಇಲಾಖೆಯ ತಪ್ಪಲ್ಲ. ಎಲ್ಲ ಊರುಗಳನ್ನೂ ಒಂದೇ ಅಳತೆಯಲ್ಲಿ ಹೋಲಿಸಬೇಕಾದರೆ ಅಂತಹ ಒಂದು ನಿಯಮ ಬೇಕು.

ಒಂದೇ ದಿನದಲ್ಲಿ ನಸುಕಿಗೆ ಚಳಿ, ಮಧ್ಯಾಹ್ನಕ್ಕೆ ಉರಿ ಏಕೆ? ಎರಡಕ್ಕೂ ಕಾರಣ ಒಂದೇ ಗಾಳಿ. ನಮ್ಮ ಕಡೆ ಅದನ್ನು ಮೂಡಗಾಳಿ ಎನ್ನುತ್ತೇವೆ. ಮಳೆಗಾಲ ಮುಗಿದು ಆಕಾಶ ತಿಳಿಯಾದ ಮೇಲೆ, ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನೆಲ್ಲ ಮೋಡದ ತಡೆಯಿಲ್ಲದೆ ಮೇಲಕ್ಕೆ ಕಳೆದುಕೊಳ್ಳುತ್ತದೆ. ಕಡಲು ಹಾಗಲ್ಲ, ಜನವರಿಯಲ್ಲಿಯೂ ಅರಬ್ಬೀ ಸಮುದ್ರದ ನೀರು 27, 28 ಡಿಗ್ರಿಯಷ್ಟು ಬೆಚ್ಚಗೇ ಇರುತ್ತದೆ. ಆದ್ದರಿಂದ ರಾತ್ರಿಯೆಲ್ಲ ತಂಪಾದ ಭಾರವಾದ ಗಾಳಿ ಘಟ್ಟದ ಬುಡದಿಂದ ಹೊರಟು, ಕಾಳಿ, ಗಂಗಾವಳಿ ನದಿಗಳ ಕಣಿವೆಗಳನ್ನು ಹಿಡಿದು ಕಡಲಿನತ್ತ ಹರಿಯುತ್ತದೆ. ನಸುಕಿನಲ್ಲಿ ಗಂಗಾವಳಿಯ ಮೇಲೆ ಹಬೆಯಾಡುವುದನ್ನು ಮಂಜಗುಣಿಯ ಕಡೆಯವರು ಕಂಡಿರುತ್ತೀರಿ. ನೀರು ಬಿಸಿ, ಗಾಳಿ ತಂಪು. ಹಾಯಿದೋಣಿಗಳ ಕಾಲದಲ್ಲಿ ಮೀನುಗಾರರು ಇದೇ ಗಾಳಿಯ ಬೆನ್ನೇರಿ ನಸುಕಿನಲ್ಲಿ ಕಡಲಿಗೆ ಹೋಗಿ, ಮಧ್ಯಾಹ್ನದ ಪಡುಗಾಳಿಯಲ್ಲಿ ಮರಳುತ್ತಿದ್ದರು.

ಹೊತ್ತೇರಿದಂತೆ ಮೂಡಗಾಳಿಯ ಗುಣ ಬದಲಾಗುತ್ತದೆ. ಘಟ್ಟದ ಮೇಲಿನ ಒಣಗಾಳಿ ಕೆಳಗಿಳಿಯುವಾಗ ಒತ್ತಡ ಹೆಚ್ಚಿ ಬಿಸಿಯಾಗುತ್ತದೆ. ನೂರು ಮೀಟರ್ ಇಳಿದರೆ ಸುಮಾರು ಒಂದು ಡಿಗ್ರಿಯ ಲೆಕ್ಕ. ಅರಬೈಲ್ ಘಟ್ಟವನ್ನು ಬಸ್ಸಿನಲ್ಲಿ ಇಳಿದವರಿಗೆ ಆ ಎತ್ತರ ಎಷ್ಟೆಂಬುದರ ಅನುಭವವಿದೆ. ಈ ಗಾಳಿ ಬಲವಾಗಿದ್ದ ದಿನ ಕಡಲಿನ ತಂಪುಗಾಳಿ ಒಳಬರುವುದಕ್ಕೆ ತಡವಾಗುತ್ತದೆ, ಅದು ಬರುವವರೆಗೆ ಕಾರವಾರ, ಹೊನ್ನಾವರಗಳು ಕಾಯುತ್ತಲೇ ಇರುತ್ತವೆ. ಬೆಳಗಿನ ಆರು ಗಂಟೆಗೆ ಹಲ್ಲು ಕಟಕಟಿಸಿದ ಗಾಳಿಯೇ ಹನ್ನೆರಡಕ್ಕೆ ಬೆವರಿಳಿಸಿತು ಎಂದರೆ ಘಟ್ಟದ ಮೇಲಿನವರು ನಂಬುವುದಿಲ್ಲ.

ಇನ್ನು ಅತಿ ಚಳಿಯ ಸಮಯ. ಹಗಲು ಅತಿ ಚಿಕ್ಕದಾಗುವುದು ಡಿಸೆಂಬರ್ 21 ಅಥವಾ 22ರಂದು. ಆ ದಿನ ನಮ್ಮಲ್ಲಿ ಹಗಲು ಹನ್ನೊಂದೂಕಾಲು ಗಂಟೆ. ನಿಜವಾದ ಉತ್ತರಾಯಣ ಆಗಲೇ ಆರಂಭವಾಗುತ್ತದೆ. ಪಂಚಾಂಗದ ಮಕರ ಸಂಕ್ರಮಣ ಮಾತ್ರ ಜನವರಿ 14 ಅಥವಾ 15ಕ್ಕೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಶತಮಾನಗಳಲ್ಲಿ ಕೂಡಿಬಂದ ಅಂತರವಿದು ಎಂದು ನಾನು ಪಾಠ ಮಾಡುತ್ತಿದ್ದೆ. ಆದರೆ ನೆಲ ತಣಿಯುವುದಕ್ಕೂ ಕಾಲಾವಕಾಶ ಬೇಕಲ್ಲವೇ? ಹೀಗಾಗಿ ಚಳಿಯ ನಡುಭಾಗ ಡಿಸೆಂಬರಿನ ಕೊನೆಯಿಂದ ಜನವರಿಯುದ್ದಕ್ಕೂ ಹರಡಿಕೊಳ್ಳುತ್ತದೆ. ಖಗೋಳದ ಲೆಕ್ಕದಲ್ಲಿ ಪಂಚಾಂಗ ಹಿಂದೆ ಬಿದ್ದಿರಬಹುದು, ಚಳಿ ಮಾತ್ರ ಪಂಚಾಂಗದ ಮಾತನ್ನೇ ಕೇಳುತ್ತದೆ. ಇನ್ನೊಂದು ಸಂಗತಿಯಿದೆ. ಸೂರ್ಯ ಅತಿ ತಡವಾಗಿ ಹುಟ್ಟುವುದು ಡಿಸೆಂಬರಿನಲ್ಲಲ್ಲ, ಜನವರಿಯ ಎರಡನೆಯ ಭಾಗದಲ್ಲಿ. ಆಗ ಏಳು ಗಂಟೆ ದಾಟಿದ ಮೇಲೆಯೇ ನಮಗೆ ಸೂರ್ಯದರ್ಶನ. ದಿನದ ಅತಿ ಚಳಿಯ ಗಳಿಗೆ ನಡುರಾತ್ರಿಯಲ್ಲ, ಸೂರ್ಯೋದಯದ ಹೊತ್ತು. ಬಿಸಿಲು ನೆಲವನ್ನು ಮುಟ್ಟುವವರೆಗೂ ನೆಲ ತಣಿಯುತ್ತಲೇ ಇರುತ್ತದೆ. ಶಿವರಾತ್ರಿ ಬಂದರೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬ ಮಾತು ಘಟ್ಟದ ಮೇಲಿನವರಿಗೆ ಸರಿ. ನಮ್ಮಲ್ಲಿ ಅಷ್ಟು ದಿನ ನಿಲ್ಲುವುದಿಲ್ಲ.

ಈಗ ಶಾಲೆಯ ಕಥೆಗೆ ಬರುತ್ತೇನೆ.

ಮದುವೆಯಾಗಿ ಅಂಕೋಲೆಗೆ ಬಂದು, ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ, ಭೂಗೋಳಗಳನ್ನು ಕಲಿಸತೊಡಗಿದ ಮೇಲೆ ಪ್ರಯೋಗಶಾಲೆಯ ಕಪಾಟಿನಲ್ಲಿ ಒಂದು ಗರಿಷ್ಠ-ಕನಿಷ್ಠ ಉಷ್ಣಮಾಪಕ ಸಿಕ್ಕಿತು. ಯು ಆಕಾರದ ಗಾಜಿನ ಕೊಳವೆ, ಪಾದರಸದ ಎರಡು ತುದಿಗಳ ಮೇಲೆ ಉಕ್ಕಿನ ಸಣ್ಣ ಸೂಚಿಗಳು, ಸೂಚಿಗಳನ್ನು ಕೆಳಗೆ ಎಳೆಯಲು ಒಂದು ಅಯಸ್ಕಾಂತ. ಅದನ್ನು ಉತ್ತರದ ಜಗಲಿಯ ಗೋಡೆಗೆ ತೂಗುಹಾಕಿ, ಪ್ರತಿದಿನ ಓದಿ ಬರೆಯುವ ಕೆಲಸವನ್ನು ವಿದ್ಯಾರ್ಥಿಗಳಿಗೇ ವಹಿಸಿದೆ. ಎಲ್ಲರಿಗಿಂತ ಮೊದಲು ಶಾಲೆಗೆ ಬರುತ್ತಿದ್ದವಳು ಘಟ್ಟದ ಬುಡದ, ಅಚವೆಯ ಕಡೆಯ ಒಬ್ಬ ಹಾಲಕ್ಕಿ ಹುಡುಗಿ. ಅವಳಿಗೆ ಮೊದಲ ಬಸ್ಸು ಬಿಟ್ಟರೆ ಬೇರೆ ಬಸ್ಸಿರಲಿಲ್ಲ. ದಪ್ಪ ಹೊದಿಕೆಯ ಒಂದು ಉದ್ದ ವಹಿಯಲ್ಲಿ ಅವಳ ದುಂಡಗಿನ ಅಕ್ಷರದಲ್ಲಿ ಮೂರು ಚಳಿಗಾಲಗಳ ಅಂಕಿಗಳು ತುಂಬಿದವು. ತಿಂಗಳ ಕೊನೆಗೆ ಇಡೀ ತರಗತಿ ಅದನ್ನು ನೋಡಿ ನಕ್ಷೆಯ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು.

ಆಗ ಮುಂಬಯಿಯಲ್ಲಿ ನೆಲೆಸಿ ವ್ಯಾಪಾರದಲ್ಲಿ ಏಳಿಗೆ ಕಂಡಿದ್ದ ನಮ್ಮೂರಿನ ಗೃಹಸ್ಥರೊಬ್ಬರು ಬಡ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ದೊಡ್ಡ ಮೊತ್ತವನ್ನೇ ಕೊಡುವುದಾಗಿ ತಿಳಿಸಿದರು. ಚಳಿಗಾಲವಾದ್ದರಿಂದ ಎಲ್ಲರಿಗೂ ಒಂದೇ ಬಣ್ಣದ ಸ್ವೆಟರು ಕೊಡೋಣವೆಂಬುದು ಅವರ ಇಚ್ಛೆ. ಆಡಳಿತ ಸಮಿತಿಯವರಿಗೆ ಅದು ಬಹಳ ಹಿಡಿಸಿತು. ಬೆಳಗಾವಿ, ಧಾರವಾಡಗಳ ಶಾಲೆಗಳಲ್ಲಿ ಮಕ್ಕಳು ನೀಲಿ ಸ್ವೆಟರು ತೊಟ್ಟು ಸಾಲಾಗಿ ನಿಲ್ಲುವುದನ್ನು ಅವರು ಕಂಡಿದ್ದರು. ಶಿಕ್ಷಕರ ಕೋಣೆಯಲ್ಲಿ ಎರಡು ಪಕ್ಷಗಳಾದವು. ಸ್ವೆಟರು ಶಿಸ್ತಿಗೆ ಒಳ್ಳೆಯದೆಂದು ಕೆಲವರು ಹೇಳಿದರು. "ನಮ್ಮಲ್ಲಿ ಸರಾಸರಿ ಉಷ್ಣತೆ 26 ಇರುವಾಗ ಸ್ವೆಟರು ಏಕೆ? ಹಣವನ್ನು ಪುಸ್ತಕಕ್ಕೆ ಕೊಡಲಿ" ಎಂದು ಗಣಿತದ ಮಾಸ್ತರರು ವಾದಿಸಿದರು. ಎರಡು ಮಾತೂ ನನಗೆ ಒಪ್ಪಿಗೆಯಾಗಲಿಲ್ಲ. ಶಾಲೆ ಆರಂಭವಾಗುವುದು ಹತ್ತೂವರೆಗೆ. ಆ ಹೊತ್ತಿಗೆ ಜಗಲಿಯ ಮಾಪಕ 28 ದಾಟಿರುತ್ತಿತ್ತು. ಮಕ್ಕಳು ಶಾಲೆಯಲ್ಲಿರುವ ವೇಳೆಗೆ ಚಳಿ ಇರುತ್ತಿರಲಿಲ್ಲ, ಚಳಿ ಇರುವ ವೇಳೆಗೆ ಮಕ್ಕಳು ಶಾಲೆಯಲ್ಲಿ ಇರುತ್ತಿರಲಿಲ್ಲ.

ಹಾಗಾದರೆ ಅವರು ಇರುವ ಕಡೆ ಎಷ್ಟು ಚಳಿ? ಒಂದು ಶನಿವಾರ ಉಷ್ಣಮಾಪಕವನ್ನು ಗೋಡೆಯಿಂದ ಇಳಿಸಿ, ಹಳೆಯ ಟವೆಲಿನಲ್ಲಿ ಸುತ್ತಿ, ಆ ಹುಡುಗಿಯ ಕೈಯಲ್ಲಿಯೇ ಅವಳ ಮನೆಗೆ ಕಳುಹಿಸಿದೆ. ಜಗಲಿಗೆ ಇನ್ನೊಂದು ಸಾಧಾರಣ ಮಾಪಕವನ್ನು ಹಾಕಿ, ಭಾನುವಾರ ನಸುಕಿನಲ್ಲಿ ನಾನೇ ಹೋಗಿ ಓದಿದೆ. ನಮ್ಮ ಜಗಲಿಯಲ್ಲಿ 19 ಇತ್ತು. ಸೋಮವಾರ ಅವಳು ತಂದ ಚೀಟಿಯಲ್ಲಿ 15 ಎಂದಿತ್ತು. ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದಳಂತೆ. ನಂಬಲಾಗದೆ ಮುಂದಿನ ವಾರ ಮತ್ತೆ ಕಳುಹಿಸಿದೆ. ಮತ್ತೆ ಮೂರು-ನಾಲ್ಕು ಡಿಗ್ರಿಯ ಅಂತರ. ಅದರಲ್ಲಿ ಆಶ್ಚರ್ಯಪಡುವಂತಹುದೇನೂ ಇಲ್ಲ. ತಂಪುಗಾಳಿ ನೀರಿನಂತೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಹಿಲ್ಲೂರು, ಅಚವೆ, ಸುಂಕಸಾಳ, ಡೋಂಗ್ರಿಗಳ ಕಡೆಯ ಗದ್ದೆಬಯಲು, ತೋಟದ ಕಣಿವೆಗಳೆಲ್ಲ ಅಂತಹ ತಗ್ಗುಗಳೇ. ಕಡಲಿನ ಬಿಸುಪು ಅಲ್ಲಿಯವರೆಗೆ ತಲುಪುವುದಿಲ್ಲ. ಅಂಕೋಲೆಗೂ ಕಾರವಾರಕ್ಕೂ 35 ಕಿಲೋಮೀಟರಿನಷ್ಟು ದೂರವಿದ್ದರೂ ಚಳಿಯಲ್ಲಿ ಹೆಚ್ಚಿನ ಭೇದವಿಲ್ಲ. ಕಡಲಿಗೂ ಘಟ್ಟದ ಬುಡಕ್ಕೂ ಅದಕ್ಕಿಂತ ಕಡಿಮೆ ದೂರ, ಭೇದ ಬಹಳ. ತಾಲೂಕಿಗೆ ಒಂದೇ ಅಂಕಿ ಬರೆದುಬಿಟ್ಟರೆ ಈ ಮನೆಗಳು ಅದರಲ್ಲಿ ಕಾಣುವುದಿಲ್ಲ.

ಹವಾಮಾನ ಇಲಾಖೆಯವರ ನಿಯಮದಲ್ಲಿಯೂ ಕರಾವಳಿಗೆ ಬೇರೆಯೇ ಅಳತೆಯಿದೆ ಎಂಬುದನ್ನು ಮುಂದೆ ಓದಿ ತಿಳಿದೆ. ಬಯಲುಸೀಮೆಯಲ್ಲಿ ಶೀತಗಾಳಿ ಎನ್ನಬೇಕಾದರೆ ಕನಿಷ್ಠ ಉಷ್ಣತೆ 10 ಡಿಗ್ರಿಗೆ ಇಳಿಯಬೇಕು. ಕರಾವಳಿಯಲ್ಲಿ 15 ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಇಳಿದಿದ್ದರೆ ಸಾಕು. ಬೆಚ್ಚಗಿನ ಹವೆಗೆ ಒಗ್ಗಿದ ದೇಹಕ್ಕೂ ಅದಕ್ಕೆ ತಕ್ಕ ಮನೆಗೂ ಹದಿನೈದೇ ಬಹಳವೆಂಬುದನ್ನು ಅವರೂ ಒಪ್ಪಿದ್ದಾರೆ.

ಮನೆ ಎಂದೆನಲ್ಲ, ನಮ್ಮ ಕಡೆಯ ಮನೆಗಳನ್ನು ಕಟ್ಟುವುದೇ ಮಳೆಯನ್ನೂ ಸೆಕೆಯನ್ನೂ ಲೆಕ್ಕಕ್ಕೆ ಹಿಡಿದು. ಇಳಿಜಾರಿನ ಮಾಡು, ಗಾಳಿ ಆಡಲು ಗೋಡೆಗೂ ಮಾಡಿಗೂ ನಡುವೆ ತೆರಪು. ಆ ಹುಡುಗಿಯ ಮನೆಗೆ ಹೆಣೆದ ಮಡಲಿನ ತಟ್ಟಿಯೇ ಎರಡು ಬದಿಯ ಗೋಡೆ. ನಾನು ಹೋದಾಗ ಅವಳ ತಾಯಿ ಅಂಗಳದಲ್ಲಿ ತರಗೆಲೆಯ ಬೆಂಕಿಯ ಮುಂದೆ ಕುಳಿತಿದ್ದಳು. ಕೊರಳ ತುಂಬ ಕರಿಮಣಿ, ಬಣ್ಣದ ಮಣಿಸರಗಳು, ಅವುಗಳ ಮೇಲೆ ಸೀರೆಯ ಸೆರಗು ಅಷ್ಟೇ; ಹಾಲಕ್ಕಿ ಒಕ್ಕಲಿಗರ ಹಿರಿಯ ಹೆಂಗಸರ ಉಡುಗೆ ಅದು. ಇದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಲು ಬರಿಗಾಲಿನಲ್ಲಿ, ಇದೇ ಉಡುಗೆಯಲ್ಲಿ ನಡೆದುಹೋದದ್ದನ್ನು ದೇಶವೆಲ್ಲ ನೋಡಿತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಆ ಅಂಗಳ.

ಸ್ವೆಟರಿನ ವಿಷಯ ಹೇಳಿದೆ. ಆ ತಾಯಿ ಸ್ವಲ್ಪ ಹೊತ್ತು ಬೆಂಕಿ ಕೆದಕಿ, "ಹಗಲಿಗೆ ಏನೂ ಬೇಡ್ರಾ ಅಕ್ಕೋರೇ. ಬಿಸ್ಲು ಇರ್ತದೆ. ರಾತ್ರೆಗೆ ಹೊದ್ಕಳೂಕೆ ಏನಾರೂ ಕೊಡ್ಸಿ" ಎಂದಳು. ಮನೆಯಲ್ಲಿ ಹಳೆಯ ಸೀರೆಗಳನ್ನು ಹೊಲಿದು ಮಾಡಿದ ಒಂದು ಕೌದಿ ಇತ್ತು. ಅದು ಅಜ್ಜಿಗೂ ಕಿರಿಯ ಇಬ್ಬರು ಮಕ್ಕಳಿಗೂ. ಉಳಿದವರು ನಾಲ್ಕು ಗಂಟೆಗೇ ಎದ್ದು ಬೆಂಕಿಯ ಮುಂದೆ ಕೂರುತ್ತಿದ್ದರು. ಹುಡುಗಿ ಮೊದಲ ಬಸ್ಸಿಗೆ ಎಂದೂ ತಪ್ಪದೆ ಬರುತ್ತಿದ್ದುದರ ಕಾರಣವೂ ಅದರಲ್ಲಿತ್ತು.

ಮುಂದಿನ ಸಭೆಗೆ ನಾನು ಆ ವಹಿಯನ್ನು ಒಯ್ದೆ. ಸರಾಸರಿಯನ್ನು ಬದಿಗಿಟ್ಟು, ಹತ್ತೂವರೆಯ ಅಂಕಿ, ನಸುಕಿನ ಅಂಕಿ, ಅಚವೆಯ ಕಡೆಯ ಅಂಕಿ ಇವು ಮೂರನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದೆ. ಹೆಚ್ಚು ಮಾತು ಬೇಕಾಗಲಿಲ್ಲ. ಮೊದಲು ಒಪ್ಪಿದವರು ಗಣಿತದ ಮಾಸ್ತರರೇ. ಸಮಿತಿಯ ಹಿರಿಯರೊಬ್ಬರಿಗೆ ಮಾತ್ರ, ಕಂಬಳಿ ಹೊದ್ದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುವುದು ಹೇಗೆಂಬ ಚಿಂತೆ ಕೊನೆಯವರೆಗೂ ಹೋಗಲಿಲ್ಲ. ಮುಂಬಯಿಗೆ ಪತ್ರ ಹೋಯಿತು, ವಹಿಯ ಒಂದು ಪುಟದ ನಕಲಿನೊಂದಿಗೆ. ಆ ಗೃಹಸ್ಥರು ದೊಡ್ಡ ಮನಸ್ಸಿನವರು. "ನಾನೂ ಆ ಕಡೆಯ ಹುಡುಗನೇ, ಮರೆತಿದ್ದೆ" ಎಂದು ಉತ್ತರ ಬರೆದರು.

ಹುಬ್ಬಳ್ಳಿಯಿಂದ ಕಂಬಳಿಗಳು ಲಾರಿಯಲ್ಲಿ ಅರಬೈಲ್ ಘಟ್ಟ ಇಳಿದು ಬಂದವು. ಕರಿಯ ಬಣ್ಣದ, ಕುರಿಯ ವಾಸನೆ ಇನ್ನೂ ಹೋಗದ, ಮೈಗೆ ಚುಚ್ಚುವ ಕಂಬಳಿಗಳು. ತರಗತಿಯ ಲೆಕ್ಕದಲ್ಲಿ ಹಂಚದೆ ಮನೆಯ ಲೆಕ್ಕದಲ್ಲಿ ಹಂಚಿದೆವು. ಘಟ್ಟದ ಬುಡದ ಮನೆಗಳಿಗೆ ಎರಡೆರಡು. ಬೇಲೆಕೇರಿಯ ಕಡೆಯ ಒಬ್ಬ ಹುಡುಗನ ತಾಯಿ ತನ್ನ ಪಾಲಿನದನ್ನು ಮರಳಿ ತಂದುಕೊಟ್ಟಳು. ಬೇಸರವಾಯಿತೇ ಎಂದು ಕೇಳಿದರೆ, "ನಮ್ದು ಕಡಲಬದಿ ಮನೆ, ಅಷ್ಟು ಥಂಡಿ ಇಲ್ರಾ. ಮೇಲಿನ ಕಡೆಯವ್ರಿಗೆ ಕೊಡಿ" ಎಂದು ಹೇಳಿ ಹೋದಳು. ಅವಳ ಗಂಡ ನಸುಕಿನಲ್ಲಿ ರಂಪಣಿ ಬಲೆ ಎಳೆಯಲು ಸೊಂಟದವರೆಗೆ ನೀರಿನಲ್ಲಿ ನಿಲ್ಲುವವನು. ನೀರಿನಲ್ಲಿ ಇಳಿದಾಗ ಬೆಚ್ಚಗಿರುತ್ತದೆ, ಮೇಲೆ ಬಂದಾಗ ಮೂಡಗಾಳಿ ತಾಗಿದರೆ ಚಳಿ ಎಂದು ಆ ಹುಡುಗನೇ ತರಗತಿಯಲ್ಲಿ ಹೇಳಿದ್ದ. ಆವಿಯಾಗುವಿಕೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ. ಒಂದು ಕಂಬಳಿ ಆಗತಾನೇ ಹುಟ್ಟಿದ ಕರುವಿನ ಮೈಮೇಲಿದ್ದುದನ್ನೂ ಕಂಡೆ. ಅದರ ವಿಷಯ ಸಮಿತಿಗೆ ವರದಿ ಮಾಡಲಿಲ್ಲ.

ಚಳಿಯನ್ನು ಕಷ್ಟವೆಂದೇ ಹೇಳುತ್ತಾ ಬಂದೆ. ಅದು ಬೇಕಾದವರೂ ಇದ್ದಾರೆ. ನಮ್ಮ ಹಿತ್ತಲಿನಲ್ಲಿ ಕರಿ ಇಶಾಡ ಮಾವಿನ ಒಂದು ಹಳೆಯ ಮರವಿದೆ. ಅಂಕೋಲೆಯ ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ ಮನೆಯಲ್ಲಿ ನಾವೆಲ್ಲ ಸಂತೋಷಪಟ್ಟೆವು. ಮೇ ತಿಂಗಳಿನಲ್ಲಿ ನೀವು ಕೇಳಿ ಕೇಳಿ ತರಿಸಿಕೊಳ್ಳುವ ಆ ಹಣ್ಣಿನ ಹಣೆಬರಹ ನಿರ್ಧಾರವಾಗುವುದು ಇದೇ ನಸುಕುಗಳಲ್ಲಿ. ತಂಪಾದ ರಾತ್ರಿ, ತಿಳಿಯಾದ ಆಕಾಶ, ಒಣಹವೆ ಇದ್ದರೆ ಮರ ಚೆನ್ನಾಗಿ ಹೂ ಬಿಡುತ್ತದೆ. ಬಂಗಾಳ ಕೊಲ್ಲಿಯಲ್ಲಿಯೋ ಅರಬ್ಬೀ ಸಮುದ್ರದಲ್ಲಿಯೋ ವಾಯುಭಾರ ಕುಸಿದು ನಾಲ್ಕು ದಿನ ಮೋಡ ಕವಿದರೆ ರಾತ್ರಿಗಳು ಬೆಚ್ಚಗಾಗುತ್ತವೆ, ಹೂವಿಗೆ ಜಿಗಿಹುಳದ ಕಾಟ ಹೆಚ್ಚುತ್ತದೆ. ಗೇರಿನ ಹೂವಿಗೂ ಮೋಡ ಆಗದು. ಭಾರತದ ಸರಾಸರಿ ಉಷ್ಣತೆ 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ ಏರಿದೆಯೆಂದು ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರ ವರದಿಯಲ್ಲಿ ಹೇಳಿದೆ. ಮುಕ್ಕಾಲು ಡಿಗ್ರಿಯೂ ಇಲ್ಲ, ಏನು ಮಹಾ ಎಂದು ಮೊಮ್ಮಗ ಕೇಳಿದ. ಇಪ್ಪತ್ತಾರು ಎಂಬ ಅಂಕಿಯೊಳಗೆ ಏನೆಲ್ಲ ಅಡಗಿರಬಹುದೆಂದು ಇಷ್ಟುದ್ದ ಬರೆದ ಮೇಲೆ, ಆ ಮುಕ್ಕಾಲು ಡಿಗ್ರಿಯ ಬಗ್ಗೆಯೂ ಹಗುರವಾಗಿ ಮಾತನಾಡಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಎಣ್ಣೆ ಬಾಟಲಿಯ ಸಾಕ್ಷಿಯನ್ನು ನಾನು ಹೇಳಲಾರೆ. ಈಗ ಗೋಡೆ ಸಿಮೆಂಟಿನದು, ಕಿಟಕಿಗೆ ಗಾಜು ಬಂದಿದೆ, ಎಣ್ಣೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ.

ವಯಸ್ಸಾದವರ ಬಗ್ಗೆ ಒಂದು ಮಾತು, ಏಕೆಂದರೆ ಈಗ ನಾನೂ ಅವರಲ್ಲಿ ಒಬ್ಬಳು. ನಮ್ಮ ಮಾವನವರಿಗೆ ದಮ್ಮಿನ ಬಾಧೆಯಿತ್ತು. ಅದು ಅಮಾವಾಸ್ಯೆಗೆ ಹೆಚ್ಚುತ್ತದೆಂಬುದು ಅವರ ನಂಬಿಕೆ. ನಾನು ನೋಡಿದಂತೆ ಜನವರಿಯ ಎಲ್ಲ ತಿಥಿಗಳಲ್ಲಿಯೂ ನಸುಕಿನಲ್ಲಿಯೇ ಅದು ಏಳುತ್ತಿತ್ತು. ತಂಪಾದ ಗಾಳಿ ನೆಲಮಟ್ಟದಲ್ಲಿ ನಿಂತು, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತಾಗ ಬಚ್ಚಲ ಒಲೆಗಳ ಹೊಗೆ ಮೇಲೇರುವುದಿಲ್ಲ. ತೆಂಗಿನ ಮರದ ಅರ್ಧಕ್ಕೆ ನೀಲಿ ಪಟ್ಟಿಯಂತೆ ನಿಲ್ಲುತ್ತದೆ. ನೋಡಲು ಬಹಳ ಚೆಂದ, ಎದೆಗೆ ಒಳ್ಳೆಯದಲ್ಲ. ಉಬ್ಬಸವಿರುವ ಹಿರಿಯರು ಜನವರಿಯಲ್ಲಿ ಊರಿಗೆ ಬಂದರೆ ಬೆಳಗಿನ ತಿರುಗಾಟವನ್ನು ಎಂಟು ಗಂಟೆಯ ಮೇಲೆ ಇಟ್ಟುಕೊಳ್ಳಲಿ.

ಆ ವಹಿಯ ವಿಷಯ ಉಳಿಯಿತು. ಶಾಲೆಯ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವಾಗ ಕಪಾಟಿನ ಕಾಗದಪತ್ರಗಳೆಲ್ಲ ರದ್ದಿಗೆ ಹೋದವು, ಅದರೊಡನೆ ಅದೂ ಹೋಯಿತು. ನನ್ನ ಬಳಿ ಇರುವುದು ಮುಂಬಯಿಗೆ ಕಳುಹಿಸಿದ ಪುಟದ ಇನ್ನೊಂದು ನಕಲು ಮಾತ್ರ. ಆದರೆ ತಿಂಗಳ ಕೊನೆಗೆ ನೀವೆಲ್ಲ ಆ ಅಂಕಿಗಳನ್ನು ನಿಮ್ಮ ನಿಮ್ಮ ಭೂಗೋಳದ ವಹಿಗಳಲ್ಲಿ ಬರೆದುಕೊಂಡು ಗೆರೆ ಎಳೆದಿದ್ದಿರಿ. ಯಾರ ಮನೆಯ ಅಟ್ಟದ ಮೇಲಾದರೂ ಅಂತಹ ಒಂದು ವಹಿ ಉಳಿದಿದ್ದರೆ, ಗೆದ್ದಲು ತಿಂದಿದ್ದರೂ ಚಿಂತೆಯಿಲ್ಲ, ಪುಟಗಳ ಚಿತ್ರ ತೆಗೆದು ನನಗೆ ಕಳುಹಿಸಿಕೊಡಿ.